ಡಿಸಿಸಿ ಮಾಡೆಲ್ ರೈಲಿನ ಲೇಔಟಿನ ಕೆಳಗೆ ಯಾವ ಪಾಯಿಂಟ್ ಮೋಟರ್ ಹಾಕೋದು?

ನನ್ನ ಮಾಡೆಲ್ ರೈಲಿನ ಎಂಜಿನ್ ಪಾಯಿಂಟಿನ ಮೇಲೆ, ಅಂದರೆ ಹಳಿ ಎರಡಾಗಿ ಕವಲೊಡೆಯುವ ಜಾಗದಲ್ಲಿ, ನಿಂತುಬಿಟ್ಟಿತು. ಪಾಯಿಂಟ್ ತಪ್ಪು ದಿಕ್ಕಿಗೆ ತಿರುಗಿತ್ತು, ನಾನು ನೋಡಿರಲಿಲ್ಲ, ಎಂಜಿನ್ ಕವಲಿನ ಕಡೆಯಿಂದ ಒಳಗೆ ಬಂತು, ಚಕ್ರ ಫ್ರಾಗಿಗೆ (ಪಾಯಿಂಟಿನ ನಡುವಿನ ವಿ ಆಕಾರದ ಜಾಗ) ತಾಗಿದ ಕೂಡಲೇ ಶಾರ್ಟ್. ಹಳಿಗೆ ಕರೆಂಟ್ ಕೊಡುವ ಬೂಸ್ಟರ್ ಆಫ್ ಆಯಿತು. ಸರಿ, ಪಾಯಿಂಟ್ ಬದಲಿಸಿದರೆ ಮುಗೀತಲ್ಲ ಅಂತ ಥ್ರಾಟಲ್‌ನಲ್ಲಿ, ಅಂದರೆ ಕೈಲಿ ಹಿಡಿಯೋ ರಿಮೋಟಲ್ಲಿ, ಪಾಯಿಂಟಿನ ನಂಬರ್ ಒತ್ತಿದೆ. ಏನೂ ಆಗಲಿಲ್ಲ. ಆಗೋದಾದರೂ ಹೇಗೆ? ಆಜ್ಞೆ ಓದಿ ಪಾಯಿಂಟ್ ತಿರುಗಿಸುವ ಡಿಕೋಡರಿಗೂ ಅದೇ ಹಳಿಯಿಂದ ಕರೆಂಟ್ ಕೊಟ್ಟಿದ್ದೆ. ಶಾರ್ಟ್ ಹೋಗಬೇಕಾದರೆ ಪಾಯಿಂಟ್ ತಿರುಗಬೇಕು, ಪಾಯಿಂಟ್ ತಿರುಗಬೇಕಾದರೆ ಶಾರ್ಟ್ ಹೋಗಬೇಕು. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನೋ ಕಥೆ. ಕೊನೆಗೆ ಎಂಜಿನ್ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟೆ. ನೋಡೋಕೆ ಬಂದಿದ್ದ ಅಕ್ಕನ ಮಗ "ಮಾಮಾ, ಇದು ರಿಮೋಟಲ್ಲಿ ಓಡುತ್ತೆ ಅಂದ್ರಲ್ಲ" ಅಂದ.

ಅವತ್ತಿನಿಂದ ಯಾರಾದರೂ "ಯಾವ ಮೋಟರ್ ತಗೊಳ್ಳಲಿ" ಅಂತ ಕೇಳಿದರೆ ನಾನು ಮೊದಲು ಕೇಳೋದು, "ಅದಕ್ಕೆ ಕರೆಂಟ್ ಎಲ್ಲಿಂದ ಕೊಡ್ತೀರಿ?" ಮೋಟರ್ ಆಮೇಲೆ. ಈ ಬರಹವೂ ಅದೇ ಕ್ರಮದಲ್ಲಿ ಹೋಗುತ್ತದೆ. ಹೆಚ್‌ಓ ಅಥವಾ ಓಓ ಅಳತೆಯ ಹಳಿ, ಒಂದೇ ಕಮಾಂಡ್ ಸ್ಟೇಷನ್ (ಆಜ್ಞೆ ಹೊರಡಿಸುವ ಪೆಟ್ಟಿಗೆ), ಹತ್ತರಿಂದ ಇಪ್ಪತ್ತು ಪಾಯಿಂಟ್, ಮನೆಯ ಒಂದು ರೂಮು, ಇಷ್ಟು ಇರುವವರನ್ನು ಮನಸ್ಸಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ನನ್ನದು ಬೆಂಗಳೂರಲ್ಲಿ, ಮಹಡಿ ಮೇಲಿನ ರೂಮಲ್ಲಿ, ಹತ್ತು ಅಡಿ ಉದ್ದ ಮೂರು ಅಡಿ ಅಗಲದ ಹಲಗೆ. ಒಟ್ಟು 14 ಪಾಯಿಂಟ್.

ಮೊದಲು ಕರೆಂಟ್

ಡಿಸಿಸಿ ಅಂದರೆ ಮಾಡೆಲ್ ರೈಲನ್ನು ಡಿಜಿಟಲ್ ಆಜ್ಞೆಯಿಂದ ಓಡಿಸುವ ಪದ್ಧತಿ. ಅದರಲ್ಲಿ ಹಳಿಯ ಮೇಲೆ ಯಾವಾಗಲೂ ಕರೆಂಟ್ ಇರುತ್ತದೆ, ಅದರ ಜೊತೆಗೇ ಆಜ್ಞೆಯೂ ಹೋಗುತ್ತದೆ. ಹೆಚ್‌ಓಗೆ ಸುಮಾರು 14–15 ವೋಲ್ಟ್. ಅದು ಬ್ಯಾಟರಿಯ ಹಾಗೆ ನೇರ ಕರೆಂಟಲ್ಲ, ಸೆಕೆಂಡಿಗೆ ಸಾವಿರಾರು ಸಲ ತಿರುಗುಮುರುಗಾಗುವ ಚೌಕದ ಅಲೆ. ಒಂದು ಅನ್ನೋ ಬಿಟ್ಟಿನ ಅರ್ಧ ಭಾಗ 58 ಮೈಕ್ರೋಸೆಕೆಂಡ್, ಸೊನ್ನೆಯದು 100 ಅಥವಾ ಅದಕ್ಕಿಂತ ಜಾಸ್ತಿ. ಅದಕ್ಕೇ ಸಾಮಾನ್ಯ ಮಲ್ಟಿಮೀಟರ್ ಇಟ್ಟರೆ ಅದು ಏನೋ ಒಂದು ನಂಬರ್ ತೋರಿಸುತ್ತದೆ, ನಂಬಬೇಡಿ. ಯಾವ ಮೋಟರನ್ನೂ ನೇರವಾಗಿ ಈ ತಂತಿಗೆ ಕಟ್ಟೋಕಾಗಲ್ಲ, ಮಧ್ಯೆ ಡಿಕೋಡರ್ ಬೇಕು.

ಈಗ ಮೂರು ದಾರಿ ಇದೆ. ಹಳಿಗೆ ಹೋಗುವ ಬಸ್ ವೈರಿನಿಂದಲೇ (ಲೇಔಟಿನ ಉದ್ದಕ್ಕೂ ಎಳೆದ ಮುಖ್ಯ ತಂತಿ) ಡಿಕೋಡರಿಗೂ ಕರೆಂಟ್ ಕೊಡೋದು ಮೊದಲನೇದು. ಎರಡೇ ತಂತಿ, ಅರ್ಧ ಗಂಟೆ ಕೆಲಸ, ಮತ್ತು ನನಗೆ ಆದ ಹಾಗೆ ಮರ್ಯಾದೆ ಹೋಗೋದು ಗ್ಯಾರಂಟಿ. ಫ್ರಾಗಿಗೆ ಕರೆಂಟ್ ಇಲ್ಲದ ಪಾಯಿಂಟ್‌ಗಳನ್ನೇ ಹಾಕಿದ್ದರೆ ಈ ತೊಂದರೆ ಕಮ್ಮಿ, ಆದರೂ ಹಳಿ ತಪ್ಪಿದ ಒಂದು ಬೋಗಿ ಸಾಕು ಶಾರ್ಟ್ ಮಾಡೋಕೆ.

ಎರಡನೇದು, ಬೂಸ್ಟರಿನ ಬಾಯಲ್ಲೇ ತಂತಿಯನ್ನು ಎರಡು ಮಾಡೋದು. ಒಂದು ಜೊತೆ ನೇರವಾಗಿ ಪಾಯಿಂಟ್ ಡಿಕೋಡರ್‌ಗಳಿಗೆ. ಇನ್ನೊಂದು ಜೊತೆ ಒಂದು ಸರ್ಕ್ಯೂಟ್ ಬ್ರೇಕರ್ ದಾಟಿ ಹಳಿಗೆ. ಹಳಿಯಲ್ಲಿ ಶಾರ್ಟ್ ಆದರೆ ಬ್ರೇಕರ್ ಮಾತ್ರ ಬೀಳುತ್ತದೆ, ಬೂಸ್ಟರ್ ಬದುಕಿರುತ್ತದೆ, ಪಾಯಿಂಟ್ ತಿರುಗುತ್ತದೆ. ಎನ್‌ಸಿಇಯ ಇಬಿ1, ಡಿಜಿಟ್ರ್ಯಾಕ್ಸ್‌ನ ಪಿಎಂ42 ಇಂಥವೆಲ್ಲ ಇದಕ್ಕೇ ಇರೋದು. ಬ್ರೇಕರ್ ಬೂಸ್ಟರಿಗಿಂತ ಬೇಗ ಬೀಳಬೇಕು ಅನ್ನೋದೊಂದೇ ಷರತ್ತು. ಬ್ರೇಕರ್ ತರಿಸೋಕೆ ದುಡ್ಡಿಲ್ಲ ಅಂದರೆ ಹಳೇ ಉಪಾಯ ಒಂದಿದೆ. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ 12 ವೋಲ್ಟ್ 21 ವ್ಯಾಟಿನ ಇಂಡಿಕೇಟರ್ ಬಲ್ಬನ್ನು ಹಳಿಯ ತಂತಿಗೆ ಸಾಲಾಗಿ ಸೇರಿಸಿ. ಮಾಮೂಲಿ ಓಡಾಟದಲ್ಲಿ ಅದು ಉರಿಯಲ್ಲ. ಶಾರ್ಟ್ ಆದಾಗ ಧಗ್ ಅಂತ ಹತ್ತಿಕೊಂಡು ಕರೆಂಟನ್ನು ಎರಡು ಆಂಪಿಯರ್ ಆಸುಪಾಸಲ್ಲಿ ತಡೆಯುತ್ತದೆ. ಮೂರು, ಐದು ಆಂಪಿಯರಿನ ಬೂಸ್ಟರಿಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಆಂಪಿಯರಿನ ಸಣ್ಣ ಸೆಟ್ಟಿಗೆ ಪ್ರಯೋಜನವಿಲ್ಲ, ಬಲ್ಬಿಗಿಂತ ಮೊದಲು ಬೂಸ್ಟರೇ ಮಲಗುತ್ತದೆ. ಮತ್ತೆ, ಆ ಬಲ್ಬ್ ಬಿಸಿಯಾಗುತ್ತದೆ, ಪ್ಲೈವುಡ್ಡಿಗೆ ತಾಗಿಸಿ ಕಟ್ಟಬೇಡಿ.

ಮೂರನೇದು ನನಗೆ ಇಷ್ಟವಾದದ್ದು. ಡಿಸಿಸಿಯಿಂದ ಆಜ್ಞೆ ಮಾತ್ರ, ಮೋಟರಿಗೆ ಶಕ್ತಿ ಬೇರೆ ಅಡಾಪ್ಟರಿನಿಂದ. ಡಿಜಿಟ್ರ್ಯಾಕ್ಸ್ ಡಿಎಸ್64, ಲೆನ್ಜ್ ಎಲ್‌ಎಸ್150 ಇವಕ್ಕೆಲ್ಲ ಬೇರೆ ಪವರ್ ಕೊಡುವ ಜಾಗ ಇದೆ. ಒಂದು ಮಾತು ನೆನಪಿರಲಿ: ಆಜ್ಞೆ ಬರುವ ತಂತಿ ಸತ್ತರೆ ಬೇರೆ ಪವರ್ ಇದ್ದೂ ಡಿಕೋಡರ್ ಸುಮ್ನೆ ಕೂರುತ್ತದೆ. ಅಂದರೆ ಆಜ್ಞೆಯ ತಂತಿಯನ್ನೂ ಬ್ರೇಕರಿನ ಹಿಂದಿನಿಂದಲೇ (ಬೂಸ್ಟರ್ ಕಡೆಯಿಂದ) ತೆಗೆಯಬೇಕು, ಇಲ್ಲವೇ ಪಾಯಿಂಟಿಗೆ ಡಿಸಿಸಿಯೇ ಬೇಡ ಅಂತ ಸ್ವಿಚ್ ಹಾಕಬೇಕು. ಎಂಜಿನ್ ಡಿಸಿಸಿಯಲ್ಲಿ ಓಡಿಸಿಕೊಂಡು ಪಾಯಿಂಟನ್ನು ಮಾಮೂಲಿ ಸ್ವಿಚ್ಚಿನಲ್ಲಿ ತಿರುಗಿಸೋದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಸೊಲೆನಾಯ್ಡ್: ಟಕ್ ಅನ್ನೋ ಹಳೇ ಗೆಳೆಯ

ಪೆಕೋ ಪಿಎಲ್-10, ಸೀಪ್ ಪಿಎಂ1, ಹಾರ್ನ್‌ಬಿ ಆರ್8014 ಎಲ್ಲ ಈ ಜಾತಿ. ಎರಡು ಸುರುಳಿ, ಮಧ್ಯೆ ಒಂದು ಕಬ್ಬಿಣದ ಕಡ್ಡಿ. ಯಾವ ಸುರುಳಿಗೆ ಕರೆಂಟ್ ಕೊಡುತ್ತೀರೋ ಕಡ್ಡಿ ಆ ಕಡೆ ನೆಗೆಯುತ್ತದೆ. ಟಕ್. ಮುಗೀತು. ಬ್ಲೇಡನ್ನು (ಪಾಯಿಂಟಿನಲ್ಲಿ ಆಚೀಚೆ ಸರಿಯುವ ಹಳಿ) ಆ ಕಡೆಯೇ ಹಿಡಿದಿಡೋದು ಪೆಕೋ ಪಾಯಿಂಟಿನೊಳಗಿನ ಸಣ್ಣ ಸ್ಪ್ರಿಂಗ್. ಹಾಗಾಗಿ ಕರೆಂಟ್ ಹೋಗಿ ಬಂದರೂ ಪಾಯಿಂಟ್ ಇದ್ದಲ್ಲೇ ಇರುತ್ತದೆ. ಬೇಸಿಗೆಯಲ್ಲಿ ನಮ್ಮ ಏರಿಯಾದ ಗತಿ ಗೊತ್ತಿರೋವರಿಗೆ ಇದು ದೊಡ್ಡ ಗುಣ.

ಕಷ್ಟ ಏನಪ್ಪಾ ಅಂದರೆ ಆ ಒಂದು ಟಕ್‌ಗೆ ಮೂರು ನಾಲ್ಕು ಆಂಪಿಯರ್ ಬೇಕು. ಕ್ಷಣಮಾತ್ರ, ಆದರೂ ಬೇಕು. ಬಟನ್ ಒತ್ತಿ ಹಿಡಿದರೆ, ಅಥವಾ ಬಟನ್ ಅಂಟಿಕೊಂಡರೆ, ಸುರುಳಿ ಸುಟ್ಟುಹೋಗುತ್ತದೆ. ನನ್ನ ಮೊದಲ ಸೊಲೆನಾಯ್ಡ್ ಹಾಗೇ ಹೋಯಿತು. ಕಾಲಿಂಗ್ ಬೆಲ್ ಸ್ವಿಚ್ ಹಾಕಿದ್ದೆ, ಸ್ವಿಚ್ ಒಳಗೇ ಸಿಕ್ಕಿಕೊಂಡಿತ್ತು, ವಾಸನೆ ಬಂದಮೇಲೇ ಗೊತ್ತಾಗಿದ್ದು.

ಇದಕ್ಕೆ ಮದ್ದು ಸಿಡಿಯು, ಅಂದರೆ ಕೆಪಾಸಿಟರಿನಲ್ಲಿ ಕರೆಂಟ್ ತುಂಬಿಟ್ಟುಕೊಂಡು ಒಂದೇ ಏಟಿಗೆ ಸುರಿಯುವ ಸಣ್ಣ ಸರ್ಕ್ಯೂಟ್. ತುಂಬಿದ ಕೊಡ ಬಗ್ಗಿಸಿದ ಹಾಗೆ, ಒಮ್ಮೆ ಸುರಿದಮೇಲೆ ಮತ್ತೆ ತುಂಬುವವರೆಗೆ ಬರಲ್ಲ, ಬಟನ್ ಒತ್ತಿ ಹಿಡಿದಷ್ಟು ಹೊತ್ತು ತುಂಬೋದೂ ಇಲ್ಲ. ಸುರುಳಿ ಉಳಿಯುತ್ತದೆ. ಮನೆಯಲ್ಲೇ ಮಾಡೋದಾದರೆ ಒಂದು ಲೆಕ್ಕ ತಪ್ಪಬೇಡಿ. 16 ವೋಲ್ಟ್ ಎಸಿಯನ್ನು ಡಯೋಡ್ ದಾಟಿಸಿ ಕೆಪಾಸಿಟರಿಗೆ ಬಿಟ್ಟರೆ ಅದು 16ರಲ್ಲಿ ನಿಲ್ಲಲ್ಲ, ಸುಮಾರು 22ಕ್ಕೆ ಏರುತ್ತದೆ. 25 ವೋಲ್ಟಿನ ಕೆಪಾಸಿಟರ್ ಅಂಚಿನಲ್ಲಿ ನಿಂತ ಹಾಗೆ. 35 ವೋಲ್ಟಿನದೇ ತನ್ನಿ, 4700 ಮೈಕ್ರೋಫ್ಯಾರಡ್ ಸಾಕು. ಎಸ್‌ಪಿ ರೋಡಿನಲ್ಲಿ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ.

ಡಿಸಿಸಿಯಿಂದ ತಿರುಗಿಸೋದಾದರೆ ಸೊಲೆನಾಯ್ಡಿಗೆ ಅಂತಲೇ ಇರುವ ಡಿಕೋಡರ್ ಬೇಕು, ಎನ್‌ಸಿಇ ಸ್ನ್ಯಾಪ್-ಇಟ್ ಥರದ್ದು. ಇಂಥ ಡಿಕೋಡರ್‌ಗಳ ಒಳಗೇ ಕೆಪಾಸಿಟರ್ ಇರುತ್ತದೆ. ಅಲ್ಲೊಂದು ಬಲೆ ಇದೆ. ಲೇಔಟ್ ಆನ್ ಮಾಡಿದ ಕೂಡಲೇ ಎಲ್ಲ ಡಿಕೋಡರ್‌ಗಳ ಕೆಪಾಸಿಟರ್‌ಗಳೂ ಒಟ್ಟಿಗೆ ಕರೆಂಟ್ ಹೀರುತ್ತವೆ, ಸಣ್ಣ ಬೂಸ್ಟರ್ ಅದನ್ನೇ ಶಾರ್ಟ್ ಅಂದುಕೊಂಡು ಆಫ್ ಆಗುತ್ತದೆ, ಮತ್ತೆ ಆನ್, ಮತ್ತೆ ಆಫ್. ಜನ ಇಡೀ ಹಲಗೆ ಮಗುಚಿ ಇಲ್ಲದ ಶಾರ್ಟ್ ಹುಡುಕುತ್ತಾರೆ. ಬೇರೆ ಪವರ್ ಕೊಟ್ಟರೆ ಈ ರಗಳೆಯೇ ಇಲ್ಲ.

ತಂತಿ ದಪ್ಪ ಇರಲಿ. ಸಿಡಿಯುನಿಂದ ಮೋಟರಿಗೆ ಅರ್ಧ ಸ್ಕ್ವೇರ್ ಎಂಎಂಗಿಂತ ತೆಳುವಾದದ್ದು ಬೇಡ, ಹತ್ತು ಅಡಿ ದಾಟಿದರೆ 0.75 ಅಥವಾ ಒಂದು ಸ್ಕ್ವೇರ್. ತೆಳು ತಂತಿ ಹಾಕಿದರೆ ದೂರದ ಪಾಯಿಂಟ್ ಅರ್ಧಕ್ಕೆ ನಿಲ್ಲುತ್ತದೆ, ನೀವು ಮೋಟರನ್ನು ಬೈಯುತ್ತೀರಿ.

ಕೂರಿಸೋದರ ಬಗ್ಗೆ: ಪಿಎಲ್-10ನ್ನು ಪಾಯಿಂಟಿನ ಅಡಿಗೇ ಸಿಕ್ಕಿಸಬಹುದು, ಹಲಗೆಯಲ್ಲಿ ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ಚಿಕ್ಕ ತೂತು ಬೇಕು. ಆಗ ಮೋಟರ್ ಪಾಯಿಂಟಿಗೆ ಪಕ್ಕಾ ಹೊಂದಿಕೊಳ್ಳುತ್ತದೆ, ಅಳತೆ ತಪ್ಪೋದೇ ಇಲ್ಲ. ಆದರೆ ಹಳಿ ಹಾಕಿ ಜಲ್ಲಿ ಅಂಟಿಸಿದ ಮೇಲೆ ಆ ತೂತು ಕೊರೆಯೋಕಾಗಲ್ಲ. ಉದ್ದ ಕಡ್ಡಿಯ ಪಿಎಲ್-10ಇ ಹಲಗೆಯ ಕೆಳಗೆ ಕೂರುತ್ತದೆ, ಸಣ್ಣ ತೂತು ಸಾಕು, ಮಧ್ಯಕ್ಕೆ ಸರಿಯಾಗಿ ಕೂರಿಸೋ ತಾಳ್ಮೆ ಮಾತ್ರ ಜಾಸ್ತಿ ಬೇಕು.

ಸ್ಟಾಲ್ ಮೋಟರ್: ನಿಧಾನ, ದುಬಾರಿ, ನೆಮ್ಮದಿ

ಇದರಲ್ಲಿ ಹೆಸರಾಗಿರೋದು ಸರ್ಕಿಟ್ರಾನ್ ಕಂಪನಿಯ ಟಾರ್ಟಾಯಿಸ್. ಹೆಸರೇ ಆಮೆ. ಸಣ್ಣ ಡಿಸಿ ಮೋಟರ್, ಒಳಗೆ ಗೇರುಗಳು, 12 ವೋಲ್ಟಿನಲ್ಲಿ ಪಾಯಿಂಟ್ ಈ ಕಡೆಯಿಂದ ಆ ಕಡೆ ಹೋಗೋಕೆ ಮೂರು ಸೆಕೆಂಡ್ ಹತ್ತಿರ. ಕೊನೆ ಮುಟ್ಟಿದ ಮೇಲೂ ಕರೆಂಟ್ ಇರುತ್ತದೆ, ಮೋಟರ್ ಒತ್ತಿಕೊಂಡು ನಿಂತಿರುತ್ತದೆ, ಹಾಗೆ ನಿಲ್ಲೋಕೇ ಅದನ್ನು ಮಾಡಿರೋದು. ನಿಂತಾಗ ಎಳೆಯುವ ಕರೆಂಟ್ ಸುಮಾರು 16 ಮಿಲಿ ಆಂಪಿಯರ್. ಸೊಲೆನಾಯ್ಡಿನ ಮೂರು ನಾಲ್ಕು ಆಂಪಿಯರಿಗೆ ಹೋಲಿಸಿ ನೋಡಿ. ಒಂದು ಡಜನ್ ಮೋಟರ್ ಹಾಕಿದರೂ ಒಟ್ಟು 0.2 ಆಂಪಿಯರ್. ಆದರೆ ಇದು ದಿನವಿಡೀ ಹರಿಯುವ ಕರೆಂಟ್. ಎರಡು ಆಂಪಿಯರಿನ ಸೆಟ್ಟಿನಿಂದಲೇ ಕೊಟ್ಟರೆ ಹತ್ತರಲ್ಲೊಂದು ಭಾಗ ಪಾಯಿಂಟಿಗೇ ಹೋಯಿತು, ಅಂದರೆ ಒಂದು ಎಂಜಿನ್ನಿನ ಊಟ.

ತಂತಿ ಕೆಲಸ ತೀರಾ ಸುಲಭ. ಎರಡೇ ತಂತಿ, ಪ್ಲಸ್ ಮೈನಸ್ ಅದಲು ಬದಲು ಮಾಡಿದರೆ ದಿಕ್ಕು ಬದಲಾಗುತ್ತದೆ. ಆರು ಕಾಲಿನ ಡಿಪಿಡಿಟಿ ಟಾಗಲ್ ಸ್ವಿಚ್ಚಿನ ನಾಲ್ಕು ಮೂಲೆಯ ಕಾಲುಗಳನ್ನು ಅಡ್ಡಡ್ಡ ಕಟ್ಟಿ, ಮಧ್ಯದ ಎರಡು ಕಾಲಿನಿಂದ ಮೋಟರಿಗೆ ಎಳೆದರೆ ಆಯಿತು. ಪ್ಯಾನೆಲ್ಲಿನಲ್ಲಿ ದೀಪ ಬೇಕಾದರೆ ಕೆಂಪು ಹಸಿರು ಎಲ್‌ಇಡಿಗಳನ್ನು ಎದುರುಬದುರು ಜೋಡಿಸಿ ಮೋಟರಿನ ಜೊತೆ ಸಾಲಾಗಿ ಹಾಕಿ. ಮೋಟರೇ ಕರೆಂಟನ್ನು ತಡೆಯೋದರಿಂದ ಬೇರೆ ರೆಸಿಸ್ಟರ್ ಬೇಡ. ಇದು ನನಗೆ ಬಹಳ ಹಿಡಿಸಿದ ಜಾಣತನ. ಡಿಸಿಸಿಗೆ ಎನ್‌ಸಿಇ ಸ್ವಿಚ್-ಇಟ್ ಎರಡು ಮೋಟರ್ ನೋಡಿಕೊಳ್ಳುತ್ತದೆ, ಸ್ವಿಚ್-8 ಎಂಟು. ಕರೆಂಟ್ ಹೋಗಿ ಬಂದರೆ ಹಿಂದಿನ ದಿಕ್ಕು ನೆನಪಿಟ್ಟುಕೊಂಡು ಅಲ್ಲೇ ಇರುತ್ತವೆ.

ಟಾರ್ಟಾಯಿಸ್ಸಿಗೆ ಎಂಟು ಕಾಲು. ಒಂದು ಮತ್ತು ಎಂಟು ಮೋಟರಿಗೆ. ನಾಲ್ಕರ ಜೊತೆ ಎರಡು, ಮೂರು ಒಂದು ಸ್ವಿಚ್. ಐದರ ಜೊತೆ ಆರು, ಏಳು ಇನ್ನೊಂದು. ಒಂದು ಸ್ವಿಚ್ಚನ್ನು ಫ್ರಾಗಿಗೆ, ಇನ್ನೊಂದನ್ನು ಸಿಗ್ನಲ್ ದೀಪಕ್ಕೆ ಇಟ್ಟುಕೊಳ್ಳಬಹುದು. ಎಂಟು ಕಾಲು, ನೆಟ್‌ವರ್ಕ್ ಕೇಬಲ್ಲಿನೊಳಗೂ ಎಂಟು ಎಳೆ, ಹೇಳಿ ಮಾಡಿಸಿದ ಜೋಡಿ ಅನ್ನಿಸುತ್ತೆ ಅಲ್ವಾ? ಮೋಟರಿಗೂ ಎಲ್‌ಇಡಿಗೂ ಆ ತೆಳು ಎಳೆ ಧಾರಾಳ ಸಾಕು. ಫ್ರಾಗಿಗೆ ಮಾತ್ರ ಬೇಡ. ಎಂಜಿನ್ ಓಡುವ ಕರೆಂಟೂ ಶಾರ್ಟ್ ಆದಾಗಿನ ಪೂರ್ತಿ ಕರೆಂಟೂ ಅದರಲ್ಲೇ ಹರಿಯೋದು, ಆ ಮೂರು ಕಾಲಿಗೆ ದಪ್ಪ ತಂತಿಯೇ ಬೇಕು.

ಕೊರತೆಗಳು? ಎತ್ತರ. ಹಲಗೆಯ ಕೆಳಗೆ ಎಂಟೂವರೆ ಸೆಂಟಿಮೀಟರ್ ಹತ್ತಿರ ಜಾಗ ತಿನ್ನುತ್ತದೆ. ಎರಡು ಇಂಚು ರೀಪರ್ ಹೊಡೆದು ಫ್ರೇಮ್ ಮಾಡಿದ್ದರೆ ಮೋಟರ್ ಫ್ರೇಮಿಗಿಂತ ಕೆಳಗೆ ನೇತಾಡುತ್ತದೆ, ಹಲಗೆ ಎತ್ತಿ ಗೋಡೆಗೆ ಒರಗಿಸಿದ ದಿನ ಮುರಿಯುತ್ತದೆ. ಎತ್ತಿಡುವ ಲೇಔಟ್ ಆದರೆ ಜೆಕ್ ದೇಶದ ಎಂಟಿಬಿ ಎಂಪಿ1 ಥರದ ಚಪ್ಪಟೆ ಮೋಟರ್ ನೋಡಿ. ಎರಡನೇ ಕೊರತೆ, ಜೊತೆಗೆ ಕೊಡುವ ಸ್ಪ್ರಿಂಗ್ ತಂತಿ ತೆಳು. ದಪ್ಪ ಪ್ಲೈವುಡ್, ಮೇಲೊಂದು ಥರ್ಮೋಕೋಲ್ ಇದ್ದರೆ ಅದು ಬಗ್ಗುತ್ತದೆ ಹೊರತು ಬ್ಲೇಡ್ ತಳ್ಳಲ್ಲ. 0.8 ಮಿಲಿಮೀಟರ್ ದಪ್ಪದ ಪಿಯಾನೋ ವೈರ್ ಹಾಕಿಕೊಳ್ಳಿ. ಮತ್ತೆ ಪೆಕೋ ಪಾಯಿಂಟಿನ ಆ ಸ್ಪ್ರಿಂಗ್ ತೆಗೆದುಬಿಡಿ, ಇಲ್ಲದಿದ್ದರೆ ಅರ್ಧ ದಾರಿ ನಿಧಾನಕ್ಕೆ ಹೋಗಿ ಆಮೇಲೆ ಟಕ್ ಅಂತ ಹಾರುತ್ತದೆ. ಅಷ್ಟು ದುಡ್ಡು ಕೊಟ್ಟು ತಂದದ್ದು ಟಕ್ ಅನ್ನಿಸಿಕೊಳ್ಳೋಕಲ್ಲ.

ದುಡ್ಡಿನ ಮಾತು ಬಂತಲ್ಲ. ಹೊರಗಿನಿಂದ ತರಿಸಬೇಕು, ಮೇಲೆ ಕಸ್ಟಮ್ಸ್, ಕೊರಿಯರ್. ಒಂದು ಟಾರ್ಟಾಯಿಸ್ಸಿನ ದುಡ್ಡಿಗೆ ಸರ್ವೋ (ಹೇಳಿದ ಕೋನಕ್ಕೆ ತಿರುಗುವ ಪುಟ್ಟ ಮೋಟರ್) ಹತ್ತಕ್ಕಿಂತ ಜಾಸ್ತಿ ಬರುತ್ತವೆ. ಹಾಗಾಗಿ ಸರ್ವೋ.

ಸರ್ವೋ: ಅಗ್ಗ, ಆದರೆ ನಿಮ್ಮನ್ನು ಪ್ರೋಗ್ರಾಮರ್ ಮಾಡುತ್ತದೆ

ಎಸ್‌ಜಿ90 ಅನ್ನೋ ನೀಲಿ ಬಣ್ಣದ ಪುಟ್ಟ ಸರ್ವೋ ನೋಡಿರುತ್ತೀರಿ. ಒಂಬತ್ತು ಗ್ರಾಂ ತೂಕ. ಇಂಜಿನಿಯರಿಂಗ್ ಓದುವ ಮಕ್ಕಳ ಪ್ರಾಜೆಕ್ಟಿಗೆಲ್ಲ ಇದೇ, ಹಾಗಾಗಿ ಎಲ್ಲ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲೂ ಸಿಗುತ್ತದೆ, ಕೆಟ್ಟರೆ ಸಂಜೆಯೊಳಗೆ ಇನ್ನೊಂದು ತರಬಹುದು. ಈ ಮಾತಿನ ಬೆಲೆ ಹೊರದೇಶದಿಂದ ಒಂದು ಮೋಟರಿಗೆ ಆರು ವಾರ ಕಾದವರಿಗೆ ಗೊತ್ತು.

ಮೂರು ತಂತಿ. ಕಂದು ಗ್ರೌಂಡ್, ಕೆಂಪು 5 ವೋಲ್ಟ್, ಕಿತ್ತಳೆ ಸಿಗ್ನಲ್. ಸೆಕೆಂಡಿಗೆ 50 ಸಲ ಒಂದು ಪಲ್ಸ್ ಕಳಿಸಬೇಕು, ಪಲ್ಸಿನ ಉದ್ದ ಒಂದರಿಂದ ಎರಡು ಮಿಲಿಸೆಕೆಂಡ್, ಆ ಉದ್ದವೇ ಕೋನವನ್ನು ಹೇಳುತ್ತದೆ. ಪಾಯಿಂಟಿನ ಎರಡು ಬ್ಲೇಡನ್ನು ಜೋಡಿಸುವ ಟೈ ಬಾರ್ ಸರಿಯೋದು ಮೂರು ನಾಲ್ಕು ಮಿಲಿಮೀಟರ್ ಮಾತ್ರ, ಹಾಗಾಗಿ ಸರ್ವೋದ 180 ಡಿಗ್ರಿಯಲ್ಲಿ ಮೂವತ್ತು ನಲವತ್ತು ಡಿಗ್ರಿ ಬಳಸಿದರೆ ಸಾಕು. ಎರಡು ಕೊನೆ, ವೇಗ, ಎಲ್ಲ ನಿಮ್ಮ ಕೈಲಿ.

ನಾನು ಬಳಸಿದ್ದು ಡಿಸಿಸಿ-ಇಎಕ್ಸ್. ಆರ್ಡುಯಿನೋ ಮೆಗಾ ಬೋರ್ಡಿನ ಮೇಲೆ ಓಡುವ, ಯಾರು ಬೇಕಾದರೂ ಬಿಟ್ಟಿಯಾಗಿ ಇಳಿಸಿಕೊಳ್ಳಬಹುದಾದ ಕಮಾಂಡ್ ಸ್ಟೇಷನ್. ಅದಕ್ಕೆ ಪಿಸಿಎ9685 ಅನ್ನೋ ಬೋರ್ಡ್ ಸೇರಿಸಿದರೆ 16 ಸರ್ವೋ ಕಟ್ಟಬಹುದು. ಮೊದಲ ಬೋರ್ಡಿನ ಪಿನ್ನುಗಳಿಗೆ ಅದು 100ರಿಂದ 115ರವರೆಗೆ ನಂಬರ್ ಇಟ್ಟುಕೊಳ್ಳುತ್ತದೆ, ನೀವು ಯಾವ ಪಿನ್, ಯಾವ ಕೋನ, ಎಷ್ಟು ವೇಗ ಅಂತ ಒಂದೊಂದು ಪಾಯಿಂಟಿಗೆ ಒಂದೊಂದು ಸಾಲು ಬರೆದರೆ ಆಯಿತು. ಡಿಕೋಡರೇ ಬೇಡ! ಹಳಿಯ ಕರೆಂಟಿಗೂ ಪಾಯಿಂಟಿಗೂ ಸಂಬಂಧವೇ ಇಲ್ಲ. ಹಳಿ ಶಾರ್ಟ್ ಆಗಿ ಬಿದ್ದಿದ್ದರೂ ಸರ್ವೋ ತಿರುಗುತ್ತದೆ. ನನ್ನ ಮೊದಲನೇ ದಿನದ ಸಮಸ್ಯೆ ಇಲ್ಲಿ ಹುಟ್ಟೋದೇ ಇಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಕಾಟಗಳನ್ನೂ ಹೇಳಬೇಕು, ಮತ್ತು ಅವು ಕಮ್ಮಿ ಇಲ್ಲ.

ಒಂದು, ನಡುಕ. ಕರೆಂಟ್ ಬಂದ ಕ್ಷಣದಲ್ಲಿ ಸರ್ವೋ ಒಮ್ಮೆ ಜಗ್ಗುತ್ತದೆ, ಸಿಗ್ನಲ್ ಇನ್ನೂ ಬಂದಿರಲ್ಲ, ಅದಕ್ಕೆ ತಾನೆಲ್ಲಿದ್ದೇನೆ ಅಂತ ಗೊತ್ತಿರಲ್ಲ. ಪವರ್ ಕಟ್ ಆಗಿ ಬಂದಾಗಲೆಲ್ಲ ಲೇಔಟ್ ತುಂಬ ಚಳಿ ಹಿಡಿದ ಹಾಗೆ ಪಾಯಿಂಟ್‌ಗಳು ನಡುಗುತ್ತವೆ. ಸಿಗ್ನಲ್ ತಂತಿಗೆ ರೆಸಿಸ್ಟರ್ ಹಾಕಿದರೆ ಸ್ವಲ್ಪ ಕಮ್ಮಿಯಾಗುತ್ತದೆ. ನಾನು ಮಾಡಿದ್ದು ಬೇರೆ, 5 ವೋಲ್ಟ್ ಅಡಾಪ್ಟರನ್ನು ಒಂದು ಸಣ್ಣ ಯುಪಿಎಸ್‌ಗೆ ಹಾಕಿಟ್ಟೆ.

ಎರಡು, ಗುಂಯ್ ಅನ್ನೋ ಶಬ್ದ. ಬ್ಲೇಡ್ ಪೂರ್ತಿ ತಾಗಿದ ಮೇಲೂ ಸರ್ವೋ ಇನ್ನೂ ತಳ್ಳುತ್ತಿದ್ದರೆ ಗುಂಯ್ಗುಟ್ಟುತ್ತದೆ, ಬಿಸಿಯಾಗುತ್ತದೆ, ಪ್ಲಾಸ್ಟಿಕ್ ಗೇರ್ ಸವೆಯುತ್ತದೆ. ಕೋನ ಒಂದೆರಡು ಡಿಗ್ರಿ ಹಿಂದೆ ತಂದರೆ, ತಿರುಗಿದ ಮೇಲೆ ಪಲ್ಸ್ ನಿಲ್ಲಿಸಿದರೆ ಸುಮ್ಮನಾಗುತ್ತದೆ. ಪಲ್ಸ್ ನಿಲ್ಲಿಸುವವರು ಪೆಕೋ ಸ್ಪ್ರಿಂಗ್ ತೆಗೆಯಬೇಡಿ, ಬ್ಲೇಡ್ ಹಿಡಿದಿಡೋಕೆ ಅದೇ ಗತಿ. ಜಾಸ್ತಿ ಓಡಾಟ ಇರೋ ಪಾಯಿಂಟಿಗೆ ಲೋಹದ ಗೇರಿನ ಎಂಜಿ90ಎಸ್ ಹಾಕಿ.

ಮೂರು, ತಂತಿಯ ದೂರ. ಡಿಸಿಸಿ ಬಸ್ಸಿನ ಪಕ್ಕದಲ್ಲೇ ಸರ್ವೋದ ಸಿಗ್ನಲ್ ತಂತಿ ಎಳೆದರೆ ಬಸ್ಸಿನ ಗಲಾಟೆ ಇದಕ್ಕೂ ಹತ್ತುತ್ತದೆ, ಎಂಜಿನ್ ಓಡಿದಾಗ ಪಾಯಿಂಟ್ ಕುಣಿಯುತ್ತದೆ. ಎರಡರ ಮಧ್ಯೆ ಒಂದು ಗೇಣು ಬಿಡಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿ. ಬೋರ್ಡಿನಿಂದ ಬೋರ್ಡಿಗೆ ಹೋಗುವ ಐ2ಸಿ ತಂತಿ ಇನ್ನೂ ನಾಜೂಕು, ಮಾರುದ್ದ ಎಳೆಯಬೇಡಿ.

ನಾಲ್ಕು, ಕರೆಂಟ್. ಸಿಕ್ಕಿಕೊಂಡ ಒಂದು ಎಸ್‌ಜಿ90 ಅರ್ಧ ಆಂಪಿಯರ್ ದಾಟುತ್ತದೆ. ಆರ್ಡುಯಿನೋದ 5 ವೋಲ್ಟ್ ಪಿನ್ನಿನಿಂದ ಕೊಡೋಕೆ ಹೋಗಬೇಡಿ. ಬೇರೆ ಅಡಾಪ್ಟರ್, ಮೂರು ಆಂಪಿಯರಿನದು, ಗ್ರೌಂಡ್ ಮಾತ್ರ ಒಂದಕ್ಕೊಂದು ಸೇರಿರಬೇಕು. ಒಟ್ಟಿಗೆ ಎಲ್ಲ ತಿರುಗಿಸದೆ ಒಂದಾದ ಮೇಲೊಂದು ತಿರುಗಿಸಿದರೆ ಧಾರಾಳ.

ಮತ್ತೆ ಫ್ರಾಗ್ ತಿರುಗಿಸೋ ಸ್ವಿಚ್ ಸರ್ವೋದಲ್ಲಿ ಇಲ್ಲವೇ ಇಲ್ಲ. ಮೈಕ್ರೋಸ್ವಿಚ್ ಕೂರಿಸಬೇಕು, ಇಲ್ಲ ರಿಲೇ ಹಾಕಬೇಕು.

ಡಿಕೋಡರ್ ಒಳಗೇ ಇರುವ ಮೋಟರ್

ಡಿಸಿಸಿ ಕಾನ್ಸೆಪ್ಟ್ಸ್‌ನ ಕೋಬಾಲ್ಟ್ ಐಪಿ ಡಿಜಿಟಲ್ ಇಂಥದ್ದು. ಡಿಸಿಸಿ ತಂತಿ ಎರಡು ಕಟ್ಟಿ, ಸ್ವಿಚ್ಚನ್ನು ಸೆಟ್ ಕಡೆ ತಳ್ಳಿ, ಥ್ರಾಟಲ್ಲಿನಿಂದ ನಂಬರ್ ಕಳಿಸಿ, ಸ್ವಿಚ್ ವಾಪಸ್. ಅಷ್ಟೆ. ಫ್ರಾಗಿನ ಸ್ವಿಚ್ಚೂ ಒಳಗೇ ಇದೆ. ಸೋಲ್ಡರಿಂಗ್ ಅಂದರೆ ಹೆದರುವವರಿಗೆ, ದುಡ್ಡಿಗೆ ತೊಂದರೆ ಇಲ್ಲದವರಿಗೆ ಕಣ್ಣುಮುಚ್ಚಿ ಇದೇ ಅನ್ನುತ್ತೇನೆ. ಇದು ಡಿಸಿಸಿಯಿಂದಲೇ ಊಟ ಮಾಡೋದರಿಂದ ಬ್ರೇಕರಿನ ಹಿಂದಿನ ತಂತಿಗೇ ಕಟ್ಟಬೇಕು ಅನ್ನೋದನ್ನು ಮತ್ತೆ ಹೇಳಬೇಕಿಲ್ಲ.

ಫ್ರಾಗಿನ ಪಂಚಾಯ್ತಿ

ಫ್ರಾಗ್ ಅಂದರೆ ಎರಡು ಹಳಿ ಒಂದನ್ನೊಂದು ದಾಟುವ ಆ ವಿ ಆಕಾರದ ಜಾಗ. ನಮ್ಮ ರೈಲ್ವೆಯವರು ಕ್ರಾಸಿಂಗ್ ಅನ್ನುತ್ತಾರೆ. ಪಾಯಿಂಟ್ ಯಾವ ಕಡೆಗಿದೆಯೋ ಅದಕ್ಕೆ ತಕ್ಕ ಹಾಗೆ ಅದರ ಕರೆಂಟ್ ಬದಲಾಗಬೇಕು. ಪೆಕೋದವರಲ್ಲಿ ಮೂರು ಬಗೆ. ಇನ್ಸುಲ್‌ಫ್ರಾಗ್ ಪ್ಲಾಸ್ಟಿಕ್, ಏನೂ ಮಾಡಬೇಕಾಗಿಲ್ಲ, ಆದರೆ ಸಣ್ಣ ಎಂಜಿನ್ ಅದರ ಮೇಲೆ ತಡವರಿಸುತ್ತದೆ. ಎಲೆಕ್ಟ್ರೋಫ್ರಾಗ್ ಪೂರ್ತಿ ಲೋಹ. ಫ್ರಾಗಿನಿಂದ ಹೊರಡುವ ಎರಡು ಹಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕಲೇಬೇಕು. ಅಡಿಯಲ್ಲಿರುವ ಎರಡು ಸಣ್ಣ ತಂತಿ ಕತ್ತರಿಸಿ, ಬ್ಲೇಡುಗಳನ್ನು ಪಕ್ಕದ ಹಳಿಗೆ ಸೇರಿಸಿದರೆ ಡಿಸಿಸಿಗೆ ಇನ್ನೂ ಭದ್ರ. ಹೊಸದಾಗಿ ಬರುತ್ತಿರುವ ಯೂನಿಫ್ರಾಗಿನಲ್ಲಿ ಕತ್ತರಿಸುವ ಕೆಲಸ ಇಲ್ಲ, ಒಂದು ತಂತಿ ಜೋತಾಡುತ್ತಿರುತ್ತದೆ, ಬೇಕಾದರೆ ಕಟ್ಟಿ. ಈಗ ತಗೊಳ್ಳೋವರು ಯೂನಿಫ್ರಾಗ್ ತಗೊಳ್ಳಿ.

ಬದಲಾಯಿಸೋದು ಯಾರು? ಸ್ಟಾಲ್ ಮೋಟರಿನಲ್ಲಿ ಸ್ವಿಚ್ ಒಳಗೇ ಇದೆ. ಪಿಎಲ್-10 ಥರದ ಸೊಲೆನಾಯ್ಡಿಗೆ ಬೇರೆ ಸ್ವಿಚ್ ಸಿಕ್ಕಿಸಬೇಕು (ಸೀಪ್ ಪಿಎಂ1ರಲ್ಲಿ ಒಳಗೇ ಇದೆ), ಮೋಟರ್ ಒಂದಿಷ್ಟು ಆಚೀಚೆ ಕೂತಿದ್ದರೆ ಒಂದು ಕಡೆ ಕಾಂಟ್ಯಾಕ್ಟ್ ಸಿಗಲ್ಲ. ಯಾವುದೂ ಬೇಡ ಅನ್ನೋವರಿಗೆ ಫ್ರಾಗ್ ಜ್ಯೂಸರ್ ಇದೆ. ಶಾರ್ಟ್ ಆದ ಕೂಡಲೇ ಬೂಸ್ಟರಿಗೆ ಗೊತ್ತಾಗುವ ಮೊದಲೇ ಫ್ರಾಗಿನ ಕರೆಂಟ್ ತಿರುಗಿಸುವ ಸಣ್ಣ ಬೋರ್ಡ್. ಬಸ್ಸಿನಿಂದ ಎರಡು ತಂತಿ, ಫ್ರಾಗಿಗೆ ಒಂದೇ ತಂತಿ. ಡಿಸಿಸಿಯಲ್ಲಿ ಮಾತ್ರ ನಡೆಯುತ್ತದೆ. ನನ್ನ ಕಥೆಯ ಶಾರ್ಟ್ ಇದಿದ್ದರೆ ಆಗುತ್ತಲೇ ಇರಲಿಲ್ಲ.

ನಂಬರ್ ಮತ್ತು ತಂತಿ

ಡಿಸಿಸಿಯಲ್ಲಿ ಪಾಯಿಂಟಿಗೆ ಎರಡು ಸಾವಿರಕ್ಕೂ ಜಾಸ್ತಿ ನಂಬರ್ ಇದೆ, ನಿಮಗೆ ಬೇಕಾಗೋದು ಇಪ್ಪತ್ತು. ಆದರೂ ಗೊಂದಲ ಆಗುತ್ತದೆ. ಕೆಲವು ಕಂಪನಿಗಳ ಲೆಕ್ಕದಲ್ಲಿ 4ರ ವ್ಯತ್ಯಾಸ ಇದೆ, ಒಬ್ಬರ 1 ಇನ್ನೊಬ್ಬರಿಗೆ 5. ಒಂದು ಕಂಪನಿಯ ಕಮಾಂಡ್ ಸ್ಟೇಷನ್, ಇನ್ನೊಂದರ ಡಿಕೋಡರ್ ಇಟ್ಟುಕೊಂಡು "ಕೆಲಸ ಮಾಡ್ತಿಲ್ಲ" ಅಂತ ವಾಪಸ್ ಕಳಿಸುವ ಮೊದಲು ನಾಲ್ಕು ಕೂಡಿಸಿ, ಕಳೆದು ನೋಡಿ.

ಹಲಗೆಯ ಕೆಳಗೆ ಹಳಿಯ ಬಸ್ಸಿಗೆ ಕೆಂಪು ಕಪ್ಪು, ಪಾಯಿಂಟಿನ ಬಸ್ಸಿಗೆ ಹಳದಿ ನೀಲಿ. ಯಾವ ಬಣ್ಣವಾದರೂ ಸರಿ, ಆದರೆ ಅಂಗಡಿಯಲ್ಲಿ ಆ ಬಣ್ಣ ಮುಗಿದಿದೆ ಅಂತ ಇನ್ನೊಂದು ಬಣ್ಣದಲ್ಲಿ ಮುಂದುವರಿಸಬೇಡಿ. ಎಲೆಕ್ಟ್ರಿಕಲ್ ಅಂಗಡಿಯ ಒಂದು ಸ್ಕ್ವೇರ್ ಎಂಎಂ ವೈರ್ ಬಸ್ಸಿಗೆ ನನ್ನಷ್ಟು ಉದ್ದಕ್ಕೆ ಸಾಕು, ದೊಡ್ಡ ಲೇಔಟಿಗೆ ಒಂದೂವರೆ. ಎರಡೂ ತುದಿಗೆ ನಂಬರ್ ಚೀಟಿ ಅಂಟಿಸಿ. ಮತ್ತೆ ದಯವಿಟ್ಟು ಮೋಟರಿನ ಕಾಲಿಗೆ ತಂತಿಯನ್ನು ಮೇಜಿನ ಮೇಲೆ ಕೂತು ಬೆಸುಗೆ ಹಾಕಿ, ಆಮೇಲೆ ಮೋಟರ್ ಕೂರಿಸಿ, ತಂತಿಯ ಇನ್ನೊಂದು ತುದಿಯನ್ನು ಸ್ಕ್ರೂ ಕನೆಕ್ಟರಿಗೆ ಕೊಡಿ. ಅಂಗಾತ ಮಲಗಿ ಮೇಲೆ ನೋಡಿಕೊಂಡು ಬೆಸುಗೆ ಹಾಕಿದರೆ ಕಾದ ಸೀಸ ಎಲ್ಲಿ ಬೀಳುತ್ತದೆ ಅಂತ ನನ್ನ ಕತ್ತಿನ ಮೇಲಿನ ಕಲೆ ಹೇಳುತ್ತದೆ. ಕನ್ನಡಕ ಹಾಕಿದ್ದೆ, ಕಣ್ಣು ಉಳಿಯಿತು.

ಹಾಗಾದರೆ ಯಾವುದು?

ಈಗಾಗಲೇ ಹಳಿ, ಜಲ್ಲಿ ಎಲ್ಲ ಮುಗಿದಿದೆ, ಶಬ್ದ ಆದರೂ ಪರವಾಗಿಲ್ಲ, ಬೇಗ ಆಗಬೇಕು ಅನ್ನೋವರು ಹಲಗೆ ಕೆಳಗಿನ ಸೊಲೆನಾಯ್ಡ್ ಮತ್ತು ಒಂದು ಒಳ್ಳೇ ಸಿಡಿಯು. ಆಳವಾದ ಫ್ರೇಮ್ ಇದ್ದು, ಒಮ್ಮೆ ಮಾಡಿ ಹತ್ತು ವರ್ಷ ಮರೆಯಬೇಕು ಅನ್ನೋವರು ಸ್ಟಾಲ್ ಮೋಟರ್. ಕೋಡ್ ಬರೆಯೋದೇ ಖುಷಿ ಅನ್ನೋವರು ಸರ್ವೋ. ಅದು ಬರೀ ಅಗ್ಗ ಅಂತ ಹೋದವರು ಮೂರನೇ ವಾರಕ್ಕೆ ಬೇಜಾರಾಗಿದ್ದನ್ನು ನೋಡಿದ್ದೇನೆ.

ಇನ್ನೊಂದು ಆಯ್ಕೆಯನ್ನು ಯಾರೂ ಹೇಳಲ್ಲ: ಮೋಟರೇ ಬೇಡ. ಕೈಗೆ ಎಟುಕುವ ಪಾಯಿಂಟಿಗೆ ಮೋಟರ್ ಯಾಕೆ? ಸೈಕಲ್ ಶಾಪಿನ ಬ್ರೇಕ್ ಕೇಬಲ್, ಅದರ ತುದಿಗೆ ಒಂದು ಸ್ಲೈಡ್ ಸ್ವಿಚ್. ಸ್ವಿಚ್ ತಳ್ಳಿದರೆ ಕೇಬಲ್ ಪಾಯಿಂಟ್ ಎಳೆಯುತ್ತದೆ, ಅದೇ ಸ್ವಿಚ್ಚಿನ ಕಾಂಟ್ಯಾಕ್ಟು ಫ್ರಾಗಿನ ಕರೆಂಟ್ ತಿರುಗಿಸುತ್ತದೆ. ನಿಜವಾದ ರೈಲ್ವೆಯಲ್ಲೂ ಪಾಯಿಂಟ್ಸ್‌ಮನ್ ಅಂತ ಹುದ್ದೆ ಇದೆಯಲ್ಲ, ಆ ಕೆಲಸ ನೀವೇ ಮಾಡಿ.

ನನ್ನ 14ರಲ್ಲಿ ಮೇನ್ ಲೈನಿನ ಐದು ಟಾರ್ಟಾಯಿಸ್, ಅವಕ್ಕೆ ಬೇರೆ 12 ವೋಲ್ಟ್ ಅಡಾಪ್ಟರ್, ಟಾಗಲ್ ಸ್ವಿಚ್. ಯಾರ್ಡಿನ ಏಳು ಸರ್ವೋ. ಮುಂದಿನ ಅಂಚಿನಲ್ಲಿರುವ ಎರಡಕ್ಕೆ ಬ್ರೇಕ್ ಕೇಬಲ್. ಮೊನ್ನೆ ಅಕ್ಕನ ಮಗ ಮತ್ತೆ ಬಂದಿದ್ದ. ಥ್ರಾಟಲ್ ಕೈಗೆ ಕೊಟ್ಟರೆ ಬೇಡ ಅಂದ, ಎರಡು ಗಂಟೆ ಆ ಕೇಬಲ್ಲಿನ ಗುಬುಟು ಎಳೆದುಕೊಂಡೇ ಕೂತಿದ್ದ.